ಮೊಮ್ಮಗಳೊಡನೆ ಮಲಪ್ರಭೆಯ ತೀರದಲ್ಲಿ

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂಬ ಮಾತು ನಮ್ಮ ನಾಡಿನಲ್ಲಿ ಹಳೆಯದು. ನಮ್ಮ ಪಾಲಿಗೆ ಬಂದುದು ಹೆಚ್ಚಾಗಿ ಕೋಶವೇ. ಚಿಕ್ಕಂದಿನಲ್ಲಿಯೇ ಮಠದ ಪಾಠಶಾಲೆಯನ್ನು ಸೇರಿ, ನಸುಕಿನ ನಾಲ್ಕಕ್ಕೆ ಎದ್ದು, ತಣ್ಣೀರು ಮಿಂದು ಅಮರಕೋಶವನ್ನು ಬಾಯಿಪಾಠ ಮಾಡಿದವರು ನಾವು. ದೇಶ ಸುತ್ತಿದ್ದರೆ ಅದು ಹಿರಿಯರ ಹಿಂದೆ ಊರಿಂದೂರಿಗೆ ಕಾಲ್ನಡಿಗೆಯಲ್ಲಿ. ಹಸಿವೆಂದರೆ ‘ತಡೆ’ ಎನ್ನುವರು, ದಣಿವೆಂದರೆ ‘ನಡೆ’ ಎನ್ನುವರು. ಆ ಶಿಸ್ತು ನಮ್ಮನ್ನು ಬೆಳೆಸಿತು, ನಿಜ. ಆದರೆ ಅದೇ ಶಿಸ್ತನ್ನು ನಾಲ್ಕು ವರುಷದ ಕೂಸಿನ ಮೇಲೆ ಹೊರಿಸಹೋದರೆ ಏನಾಗುವುದೆಂಬುದನ್ನು ನಾವು ಅರುವತ್ತು ದಾಟಿದ ಮೇಲೆ ಕಲಿಯಬೇಕಾಯಿತು. ಓದುಗ ಬಂಧುಗಳ ಮುಂದೆ ಅದನ್ನು ಮರೆಮಾಚದೆ ಬಿಚ್ಚಿಡುವುದು ಒಳಿತೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಕಳೆದ ವರುಷ ಶಿವರಾತ್ರಿ ಮುಗಿದ ಮರುವಾರ ಧಾರವಾಡದಿಂದ ಬಾದಾಮಿಗೆ ಹೊರಟೆವು. ನಾವು, ನಮ್ಮ ಮನೆಯವರು, ಸೊಸೆ, ಮೊಮ್ಮಗಳು, ಹೀಗೆ ನಾಲ್ವರು. ಮಗನಿಗೆ ರಜೆ ಸಿಗಲಿಲ್ಲ. ಮೂರು ದಿನದ ಕಾರ್ಯಕ್ರಮವನ್ನು ನಾವೇ ಕಾಗದದ ಮೇಲೆ ಬರೆದಿದ್ದೆವು. ಮೊದಲ ದಿನ ಬಾದಾಮಿಯ ನಾಲ್ಕು ಗುಹೆಗಳು ಮತ್ತು ಭೂತನಾಥ. ಎರಡನೆಯ ದಿನ ಬನಶಂಕರಿ, ಪಟ್ಟದಕಲ್ಲು, ಐಹೊಳೆ. ಮೂರನೆಯ ದಿನ ಕೂಡಲಸಂಗಮ. ಆ ಕಾಗದವನ್ನು ನೋಡಿದ ಸೊಸೆ, “ಮಾವನವರ, ಇದರಾಗ ಕೂಸು ಮಲಗೂದು ಯಾವಾಗ್ರಿ?” ಎಂದು ಕೇಳಿದಳು. ನಾವು ನಕ್ಕು ಸುಮ್ಮನಾದೆವು. ಅದು ನಗುವ ಮಾತಾಗಿರಲಿಲ್ಲ.

ರೈಲಿನ ಪ್ರಯಾಣ ಸೊಗಸಾಗಿತ್ತು. ಐದು ವರುಷ ತುಂಬದ ಮಗುವಿಗೆ ಬೇರೆ ಆಸನ ಕೇಳದಿದ್ದರೆ ರೈಲಿನಲ್ಲಿ ಟಿಕೀಟು ಬೇಕಿಲ್ಲ. ಆದರೆ ಟಿಕೀಟಿಲ್ಲದ ಆ ಪ್ರಯಾಣಿಕಳೇ ಕಿಟಕಿಯ ಜಾಗವನ್ನು ಹಿಡಿದಳು. ಗದಗ ದಾಟಿದ ಮೇಲೆ ಎರೆಭೂಮಿ ಬಯಲಾಗಿ ಹರಡಿತು. ಹೊಳೆಆಲೂರಿನ ಹತ್ತಿರ ಮಲಪ್ರಭೆಯನ್ನು ಕಂಡು, “ಅಜ್ಜಾ, ಈ ಹೊಳಿ ನಮ್ಮ ಸಂಗಾಟ ಬರ್ತೈತೇನು?” ಎಂದಳು. ಬರುತ್ತದೆ ಎಂದೆವು. ಆ ಮಾತು ಸುಳ್ಳಲ್ಲ. ನಾವು ಕಾಣಹೊರಟಿದ್ದ ಪಟ್ಟದಕಲ್ಲು, ಐಹೊಳೆಗಳು ಆ ನದಿಯ ದಡದವು. ಸಂಗಮವಂತೂ ಮಲಪ್ರಭೆ ಕೃಷ್ಣೆಯನ್ನು ಕೂಡುವ ಸ್ಥಳ.

ಬಾದಾಮಿಯ ಮೆಟ್ಟಿಲುಗಳು

ಬಾದಾಮಿಯ ಗುಹೆಗಳು ಕೆಂಪು ಮರಳುಗಲ್ಲಿನ ಬೆಟ್ಟದಲ್ಲಿ ಒಂದರ ಮೇಲೊಂದರಂತೆ ಕೊರೆದವು. ಮೊದಲನೆಯದು ಶಿವನದು, ಎರಡು ಮತ್ತು ಮೂರನೆಯವು ವಿಷ್ಣುವಿನವು, ನಾಲ್ಕನೆಯದು ಜೈನರದು. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ. ಶಕ 500, ಅಂದರೆ ಕ್ರಿ.ಶ. 578ರ ಕಾಲ. ಇಂಥ ಖಚಿತವಾದ ಕಾಲನಿರ್ದೇಶ ದೊರೆಯುವ ಹಳೆಯ ಗುಹಾಲಯಗಳು ವಿರಳ. ಇದನ್ನೆಲ್ಲ ಮೊಮ್ಮಗಳಿಗೆ ಹೇಳಬೇಕೆಂಬ ಹಂಬಲ ನಮಗೆ. ಅವಳಿಗೆ ಮೆಟ್ಟಿಲುಗಳನ್ನು ಎಣಿಸುವ ಹಂಬಲ. ಇಪ್ಪತ್ತರವರೆಗೆ ಎಣಿಸಿ, ಮುಂದಿನ ಅಂಕಿ ಬಾರದೆ ಮತ್ತೆ ಒಂದರಿಂದ ಶುರುಮಾಡುವಳು. ಇರುವೆ ಸಾಲು ಕಂಡರೆ ಕುಕ್ಕುರುಗಾಲಿನಲ್ಲಿ ಕುಳಿತುಬಿಡುವಳು. ಅಲ್ಲಿಯ ಮಂಗಗಳು ಕೈಯಲ್ಲಿ ತಿನಿಸು ಕಂಡರೆ ಬಿಡುವವಲ್ಲ. ನಮ್ಮ ಮನೆಯವರ ಚೀಲದಲ್ಲಿದ್ದ ಬಾಳೆಹಣ್ಣನ್ನು ಒಂದು ಮಂಗ ಎಳೆದುಕೊಂಡು ಹೋದಾಗ ಅವಳು ಚಪ್ಪಾಳೆ ತಟ್ಟಿದಳು.

ಮೊದಲ ಗುಹೆಯ ಹೊರಗೋಡೆಯ ಮೇಲೆ ಹದಿನೆಂಟು ತೋಳುಗಳ ನಟರಾಜನಿದ್ದಾನೆ. ನಾವು ಒಂದೊಂದು ಕೈಯ ಮುದ್ರೆಯನ್ನೂ ವಿವರಿಸುತ್ತಿದ್ದೆವು. ಅವಳು ಬಹಳ ಹೊತ್ತು ನೋಡಿ, “ಅಜ್ಜಾ, ಇವರಿಗೆ ಅಂಗಿ ಹೊಲಿಯಾಂವ ಯಾರು?” ಎಂದಳು. ಪಕ್ಕದಲ್ಲಿದ್ದ ಯಾತ್ರಿಕರೆಲ್ಲ ನಕ್ಕರು. ನಾವು ಮಾತ್ರ, ಪಾಠಕ್ಕೆ ಅಡ್ಡಿಯಾಯಿತೆಂದು ಮುಖ ಗಂಟಿಕ್ಕಿದೆವು.

ಮಧ್ಯಾಹ್ನದ ಬಿಸಿಲಿಗೆ ಬಂಡೆಗಳು ಕಾದಿದ್ದವು. ಮೇಲಿನ ಗುಹೆಗೆ ಬರುವಷ್ಟರಲ್ಲಿ ಅವಳು ಅಳತೊಡಗಿದಳು. ಸೊಸೆ, “ಇಳಿದು ಹೋಗಿ ನೆರಳಾಗ ಇರೋಣ್ರಿ” ಎಂದರೆ ನಾವು ಒಪ್ಪಲಿಲ್ಲ. ಇಳಿದ ಮೇಲೆ ಸಮಾಧಾನಕ್ಕೆಂದು ದಾರಿಯಲ್ಲಿ ಬಣ್ಣದ ಐಸ್‌ಕ್ಯಾಂಡಿಯನ್ನು ಕೊಡಿಸಿದವರೂ ನಾವೇ. ತಾಯಿ ಬೇಡವೆಂದು ಎರಡು ಸಲ ಹೇಳಿದಳು. “ಒಂದಕ್ಕೆ ಏನಾಗುತ್ತದೆ?” ಎಂದೆವು.

ಪಟ್ಟದಕಲ್ಲಿನ ಆ ಮುಂಜಾನೆ

ಆ ರಾತ್ರಿ ಮಗುವಿಗೆ ವಾಂತಿ, ಭೇದಿ ಎರಡೂ ಹತ್ತಿದವು. ನಸುಕಿನಲ್ಲಿ ನಾವು ಇಷ್ಟಲಿಂಗ ಪೂಜೆಗೆ ಕುಳಿತಿದ್ದೆವು. ಪಕ್ಕದ ಕೋಣೆಯಲ್ಲಿ ಕೂಸು ಓಕರಿಸುವ ಸದ್ದು ಕೇಳಿಸುತ್ತಿತ್ತು. ಪೂಜೆಯ ನಡುವೆ ಏಳಬಾರದೆಂದು ಏಳಲಿಲ್ಲ. ಅಂದಿನ ಆ ಪೂಜೆ ಪೂಜೆಯಾಗಿತ್ತೆಂದು ಹೇಳಲು ಇಂದು ನಮಗೆ ಧೈರ್ಯವಿಲ್ಲ.

ಬೆಳಕು ಹರಿದಾಗ ಸೊಸೆ, “ಇವತ್ತ ಇಲ್ಲೇ ಇರೋಣ್ರಿ ಮಾವನವರ. ಕೂಸು ಸೋತೈತಿ” ಎಂದಳು. ಬಾಡಿಗೆ ಕಾರು ಬಂದು ಬಾಗಿಲಲ್ಲಿ ನಿಂತಿತ್ತು. ಹಣ ಮುಂಗಡ ಕೊಟ್ಟಾಗಿತ್ತು. “ಬನಶಂಕರಿ ಬಿಡೋಣ. ಮಜ್ಜಿಗೆ ಕುಡಿಸು, ಸರಿಹೋಗುತ್ತದೆ. ನಮ್ಮ ಕಾಲದಲ್ಲಿ ಇಂಥವಕ್ಕೆ ಯಾರೂ ಮಲಗುತ್ತಿರಲಿಲ್ಲ” ಎಂದು ಹೊರಡಿಸಿದೆವು.

ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಾಭಿಮುಖವಾಗಿ ಹರಿಯುತ್ತಾಳೆ. ದಡದ ಗುಡಿಗಳ ಸಮೂಹ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು. ಅವುಗಳಲ್ಲಿ ದೊಡ್ಡದಾದ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ಒಬ್ಬ ರಾಣಿ. ಎರಡನೆಯ ವಿಕ್ರಮಾದಿತ್ಯನು ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗಾಗಿ ಅವನ ಪಟ್ಟದರಸಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನ ದೇವಾಲಯ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. “ನೋಡವ್ವ, ಹೆಣ್ಣುಮಕ್ಕಳ ಮಾತಿಗೆ ಆ ಕಾಲದಲ್ಲಿಯೇ ಎಂಥ ಬೆಲೆಯಿತ್ತು!” ಎಂದು ನಾವು ಸೊಸೆಗೆ ಹೇಳುತ್ತಿದ್ದೆವು.

ಅವಳು ಕಂಬದ ಕಡೆ ನೋಡುತ್ತಿರಲಿಲ್ಲ. ತೊಡೆಯ ಮೇಲಿನ ಮಗುವಿನ ಮುಖವನ್ನೇ ನೋಡುತ್ತಿದ್ದಳು. “ಅಳಾಕತ್ತಾಳ, ಕಣ್ಣಾಗ ನೀರು ಬರವಲ್ದು. ನಿನ್ನೆ ರಾತ್ರಿಯಿಂದ ಒಂದಕ್ಕ ಹೋಗಿಲ್ಲ. ನಾ ಆಸ್ಪತ್ರಿಗೆ ಹೊಂಟೆ. ನೀವು ನೋಡಿಕೊಂಡು ಬರ್ರಿ” ಎಂದು ಮಗುವನ್ನೆತ್ತಿಕೊಂಡು ನಡೆದೇಬಿಟ್ಟಳು. ಏರುದನಿಯಲ್ಲಿ ಹೇಳಿದ ಮಾತಲ್ಲ ಅದು. ನಮ್ಮ ಮನೆಯವರು ನಮ್ಮನ್ನು ಒಂದು ಸಲ ನೋಡಿ ಅವಳ ಹಿಂದೆ ಹೋದರು. ಆಗ ನಮಗೆ ಹೆದರಿಕೆಯಾಯಿತು. ನಂದಿಮಂಟಪದ ಮುಂದಿನಿಂದ ಓಡಿಹೋಗಿ ಕಾರನ್ನು ಸೇರಿದೆವು. ಬಾದಾಮಿಗೆ ಇಪ್ಪತ್ತು ಕಿಲೋಮೀಟರಿನ ಮೇಲೆ ತುಸು ದೂರ. ಆ ದಾರಿ ಅಷ್ಟು ಉದ್ದವಾಗಿ ನಮಗೆ ಮತ್ತೆಂದೂ ಕಂಡಿಲ್ಲ.

ಚಮಚದ ಲೆಕ್ಕ

ಆಸ್ಪತ್ರೆಯಲ್ಲಿದ್ದವರು ಚಿಕ್ಕ ವಯಸ್ಸಿನ ವೈದ್ಯೆ. ಎಷ್ಟು ಸಲ ಭೇದಿಯಾಯಿತು, ರಕ್ತವಿತ್ತೆ, ಮೂತ್ರವಾಗಿ ಎಷ್ಟು ಹೊತ್ತಾಯಿತು, ಏನು ಕುಡಿದಳು ಎಂದೆಲ್ಲ ಕೇಳಿದರು. ಎಲ್ಲಕ್ಕೂ ಸೊಸೆ ಗಂಟೆ ಸಮೇತ ಉತ್ತರ ಕೊಟ್ಟಳು. ಶಾಸನಗಳ ಕಾಲವನ್ನು ವರುಷದ ಲೆಕ್ಕದಲ್ಲಿ ಬಲ್ಲ ನಮಗೆ ಆ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ವೈದ್ಯೆ ಹೊಟ್ಟೆಯ ಚರ್ಮವನ್ನು ಹಗುರಾಗಿ ಎಳೆದು ಬಿಟ್ಟು ನೋಡಿದರು. ಅದು ಮೆಲ್ಲಗೆ ಸರಿಯಿತು. ಮೈಯ ನೀರು ಬತ್ತಿರುವುದರ ಗುರುತು ಅದು. ಒಣಗಿದ ತುಟಿ, ಗುಳಿಬಿದ್ದ ಕಣ್ಣು, ಕಣ್ಣೀರಿಲ್ಲದ ಅಳು, ಇವೂ ಅದರ ಗುರುತುಗಳೇ. “ಕುಡಿಯಾಕತ್ತಾಳಲ್ರಿ, ಸಲಾಯಿನ್ ಈಗ ಬ್ಯಾಡ. ಓಆರ್‌ಎಸ್ ಚಮಚದಿಂದ ಕುಡಸ್ರಿ. ವಾಂತಿ ಆದ್ರ ಹತ್ತು ನಿಮಿಷ ಬಿಟ್ಟು ಮತ್ತ ಸಾವಕಾಶ ಶುರುಮಾಡ್ರಿ” ಎಂದರು. ಹದಿನಾಲ್ಕು ದಿನಕ್ಕೆ ಜಿಂಕ್ ಮಾತ್ರೆಯನ್ನೂ ಬರೆದುಕೊಟ್ಟರು.

ರಾತ್ರಿಯೆಲ್ಲ ಎಚ್ಚರವಿದ್ದ ಸೊಸೆಯನ್ನು ಮಲಗಿಸಿ, ಚಮಚವನ್ನು ನಾವು ಹಿಡಿದೆವು. ಒಂದು ಚಮಚ, ತುಸು ತಡೆ, ಮತ್ತೊಂದು ಚಮಚ. ಅವಸರ ಮಾಡಿದರೆ ವಾಂತಿ. ಮರೆತು ಕುಳಿತರೆ ಮೈ ಒಣಗುವುದು. ಸಂಜೆ ನಾಲ್ಕರ ಸುಮಾರಿಗೆ ಮಗು, “ಅಜ್ಜಾ, ಒಂದಕ್ಕ” ಎಂದಿತು. ಅಷ್ಟು ಸಂತೋಷ ಕೊಟ್ಟ ಮಾತನ್ನು ನಾವು ಯಾವ ಸಭೆಯಲ್ಲಿಯೂ ಕೇಳಿಲ್ಲ.

ಈ ಉಪ್ಪು-ಸಕ್ಕರೆಯ ನೀರಿನ ಹಿಂದೆ ಒಂದು ಕಥೆಯಿದೆ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲಾಯಿನ್ ಸಾಲದೆ ಹೋಯಿತು. ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಬಾಯಿಯಿಂದಲೇ ಕುಡಿಸುವ ವ್ಯವಸ್ಥೆ ಮಾಡಿದರು. ಕುಡಿಸಿದವರು ರೋಗಿಗಳ ಮನೆಯವರೇ. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಕರುಳು ಗ್ಲೂಕೋಸನ್ನು ಹೀರುವಾಗ ಉಪ್ಪನ್ನೂ ಜೊತೆಗೆ ಹೀರುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಭೇದಿಯ ಹೊತ್ತಿನಲ್ಲಿಯೂ ಈ ದಾರಿ ಮುಚ್ಚುವುದಿಲ್ಲ. 2022ರಲ್ಲಿ ತೀರಿಕೊಂಡ ಆ ವೈದ್ಯರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಪ್ರತಿಯೊಬ್ಬ ಗೃಹಸ್ಥರೂ ಇದನ್ನು ಅರಿತಿರಬೇಕು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಪುಡಿಯನ್ನು ಪೂರ್ತಿಯಾಗಿ ಕರಗಿಸಬೇಕು, ಅರೆಬರೆ ಮಾಡಬಾರದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟಸವಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಒಂದು ದಿನದ ಮೇಲೆ ಉಳಿದುದನ್ನು ಚೆಲ್ಲಬೇಕು. ಮಗು ಮಂಕಾದರೆ, ಕುಡಿಯಲಾರದಾದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಆ ರಾತ್ರಿ ಸೊಸೆಯ ಮುಂದೆ, “ತಪ್ಪು ನಮ್ಮದವ್ವ” ಎಂದೆವು. ಹಾಗೆ ಹೇಳುವುದು ನಮಗೆ ರೂಢಿಯಿಲ್ಲ. ಅವಳು ತಲೆ ತಗ್ಗಿಸಿ, “ಇರಲಿ ಬಿಡ್ರಿ, ಕೂಸು ಆರಾಮ ಆತಲ್ರಿ” ಎಂದಳು. ಮುಂದಿನ ಎರಡು ದಿನ ಬಾದಾಮಿಯಲ್ಲಿಯೇ ಉಳಿದೆವು. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಸಂಜೆ ಹೊತ್ತು ಕುಳಿತಾಗ, ಹೆಂಗಸರು ಬಟ್ಟೆ ಒಗೆಯುವ ಸಪ್ಪಳ ಎದುರಿನ ಬಂಡೆಗೆ ತಾಗಿ ಮರಳುತ್ತಿತ್ತು. ಮೊಮ್ಮಗಳು ಅದನ್ನು ಕೇಳಿ ಎಣಿಸುತ್ತಿದ್ದಳು. ಐಹೊಳೆಯೂ ಸಂಗಮವೂ ಉಳಿದುಹೋದವು.

ಎರಡನೆಯ ಸಲ

ಡಿಸೆಂಬರಿನಲ್ಲಿ ಮತ್ತೆ ಹೊರಟೆವು. ಈ ಸಲ ಕಾಗದದ ಮೇಲೆ ಬರೆದವಳು ಸೊಸೆ. ದಿನಕ್ಕೆ ಒಂದೇ ಊರು. ಬೆಳಿಗ್ಗೆ ಬೇಗ ಹೊರಟು ಹನ್ನೊಂದರೊಳಗೆ ನೆರಳು ಸೇರುವುದು. ಮಧ್ಯಾಹ್ನ ಮಗುವಿಗೆ ನಿದ್ದೆ. ಕಾಯಿಸಿ ಆರಿಸಿದ ನೀರು ಕೈಯಲ್ಲಿ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಓಆರ್‌ಎಸ್ ಪೊಟ್ಟಣ, ಒಂದು ಚಮಚ.

ಬನಶಂಕರಿಯಲ್ಲಿ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರನ್ನು ಬಡಿಸುತ್ತಾರೆ. ಒಬ್ಬ ತಾಯಿ ಮೊಮ್ಮಗಳಿಗೆ ಖಾರವಿಲ್ಲದಂತೆ ಮೊಸರಲ್ಲಿ ರೊಟ್ಟಿ ಮುರಿದು ಕಲಸಿ ಕೊಟ್ಟಳು. ಐಹೊಳೆಯಲ್ಲಿ ಮೇಗುತಿ ಬೆಟ್ಟದ ಮೇಲಿನ ಕ್ರಿ.ಶ. 634ರ ರವಿಕೀರ್ತಿಯ ಶಾಸನ ನಾವು ವಿದ್ಯಾರ್ಥಿದೆಸೆಯಿಂದ ಓದಿದ್ದು. ಸೊಸೆಯೇ, “ಮಾವನವರ, ನೀವು ಹತ್ತಿ ಬರ್ರಿ. ನಾವು ದುರ್ಗ ಗುಡಿ ನೆರಳಾಗ ಕುಂದರತೀವಿ” ಎಂದಳು. ನಾವು ಹತ್ತಿಳಿದು ಬರುವಷ್ಟರಲ್ಲಿ ಮೊಮ್ಮಗಳು ಆನೆಯ ಬೆನ್ನಿನಂತೆ ದುಂಡಗಿರುವ ಆ ಗುಡಿಯನ್ನು ಐದು ಸಲ ಸುತ್ತಿ ಬಂದಿದ್ದಳು. ಪಂಡಿತರು ಗಜಪೃಷ್ಠವೆಂದು ಕರೆಯುವುದನ್ನು ಅವಳು ಕಾಲಿನಿಂದ ಅಳೆದಿದ್ದಳು.

ಕೊನೆಯ ದಿನ ಸಂಗಮ. ನದಿಯ ನೀರು ಏರಿ ಸುತ್ತುವರಿದರೂ ಬಸವಣ್ಣನವರ ಐಕ್ಯಮಂಟಪ ಮುಳುಗದಂತೆ ಬಾವಿಯಂಥ ದುಂಡು ಗೋಡೆಯನ್ನು ಕಟ್ಟಿದ್ದಾರೆ. ಮೆಟ್ಟಿಲಿಳಿದು ಒಳಗೆ ಹೋಗಬೇಕು. ಕೆಳಗೆ ಬಂದ ಮೊಮ್ಮಗಳು ಗೋಡೆಗೆ ಅಂಗೈ ಹಚ್ಚಿ, “ಅಜ್ಜಾ, ನೀರು ಹೊರಗ ಐತಿ, ಒಳಗ ಯಾಕ ಬರಂಗಿಲ್ಲ?” ಎಂದಳು. ಗೋಡೆ ತಡೆದಿದೆ ಎಂದೆವು. “ನಮ್ಮ ರೈಲಿನ ಹೊಳಿ ಇದ?” ಎಂದು ಮತ್ತೆ ಕೇಳಿದಳು. ಹತ್ತು ತಿಂಗಳ ಹಿಂದಿನ ಮಾತು ಅವಳಿಗೆ ನೆನಪಿತ್ತು. ಹೌದು, ಅದೇ ಹೊಳೆ ಎಂದೆವು.

ಮೇಲೆ ಹತ್ತುವಾಗ ಅರ್ಧಕ್ಕೆ ಬಂದು, “ಕಾಲು ಸೋತಾವು” ಎಂದಳು. ನಾವೂ ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತೆವು. ಹಿಂದಿನಿಂದ ಬರುವವರು ಪಕ್ಕಕ್ಕೆ ಸರಿದು ಹೋದರು. ಸೊಸೆ ನೀರಿನ ಬಾಟಲಿ ಕೊಟ್ಟಳು.

ಕೂಸನ್ನು ಕರೆದುಕೊಂಡು ಯಾತ್ರೆ ಹೊರಡುವ ಹಿರಿಯರಿಗೆ ನಮ್ಮ ಬಿನ್ನಹ ಇಷ್ಟೆ: ನೋಡುವ ಸ್ಥಳಗಳನ್ನು ನೀವು ಆರಿಸಿರಿ, ಎಷ್ಟು ನಡೆಯಬೇಕೆಂಬುದನ್ನು ಕೂಸಿಗೆ ಬಿಡಿರಿ, ಎಲ್ಲಿ ನಿಲ್ಲಬೇಕೆಂಬುದನ್ನು ತಾಯಿಗೆ ಬಿಡಿರಿ. ಗುಡಿಗಳು ಸಾವಿರಕ್ಕೂ ಹೆಚ್ಚು ವರುಷ ನಿಂತಿವೆ, ಇನ್ನೊಂದು ಸಲ ಬಂದರೂ ಅಲ್ಲಿಯೇ ಇರುತ್ತವೆ.