ತಾಳ ತಪ್ಪಿದ್ದು ಕೈಯೋ, ಯಂತ್ರವೋ?

ಗಣಕಯಂತ್ರದ ಆಟವೆಂದೊಡನೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಕಣ್ಣಿಗೆ ಕೇಡು, ಓದಿಗೆ ವಿಘ್ನ ಎಂಬ ಮಾತು ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಅದು ಪೂರ್ತಿ ಸುಳ್ಳೆಂದು ನಾವು ವಾದಿಸಲಾರೆವು. ಆದರೆ ಆಟವಾಡುವುದು ಬೇರೆ, ಆಟವನ್ನು ಕಟ್ಟುವುದು ಬೇರೆ. ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಮಗಳು ಕಳೆದ ಬೇಸಿಗೆಯಲ್ಲಿ ಇಂತಹದೊಂದು ಆಟ ಕಟ್ಟಲು ಕುಳಿತಾಗ ನಾವು ದಂಪತಿಗಳು ಮೊದಮೊದಲು ಕೇವಲ ಪ್ರೇಕ್ಷಕರಾಗಿದ್ದೆವು; ಬರಬರುತ್ತ ಅಂಟು, ಕತ್ತರಿ ಹಿಡಿದು ಪಾಲುಗಾರರೇ ಆದೆವು.

ಆಕೆಗೆ ಪ್ರೇರಣೆ ದೊರೆತದ್ದು ಜಪಾನಿನಿಂದ. ಅಲ್ಲಿ 1996ರಲ್ಲಿ ಮತ್ಸುಉರಾ ಮಸಾಯ ಎಂಬ ಸಂಗೀತಗಾರರು ‘ಪರಪ್ಪ ದ ರ್‍ಯಾಪರ್’ ಎಂಬ ಆಟವನ್ನು ರೂಪಿಸಿದರು. (ಹೆಸರು ಕೇಳಿ ನಮ್ಮ ಅಜ್ಜಿಯವರು “ಯಾವೂರ ಪರಪ್ಪ ಅಂವಾ?” ಎಂದು ವಿಚಾರಿಸಿದರು!) ಪರದೆಯ ಮೇಲಿನ ಗುರು ಹಾಡಿದಂತೆ ಲಯತಪ್ಪದೆ ಗುಂಡಿ ಒತ್ತುವುದೇ ಅದರ ಕ್ರಮ. 2007ರಲ್ಲಿ ಬಂದ ‘ಪಟಾಪಾನ್’ ಇನ್ನೂ ಸೊಗಸಾದುದು. ಅದರಲ್ಲಿ ಪಟ, ಪೊನ್, ಚಕ, ಡೊನ್ ಎಂಬ ನಾಲ್ಕು ನಗಾರಿಗಳು. ಮೂರು ಸಲ ಪಟ, ಒಂದು ಸಲ ಪೊನ್ ಬಾರಿಸಿದರೆ ಪುಟ್ಟ ಸೈನ್ಯ ಮುಂದೆ ಹೆಜ್ಜೆಯಿಡುತ್ತದೆ. ನಾಲ್ಕು ಪೆಟ್ಟಿನ ಅಪ್ಪಣೆಗೆ ಸೈನ್ಯವು ನಾಲ್ಕು ಪೆಟ್ಟಿನ ಅವಧಿ ಹಾಡಿ ಉತ್ತರಿಸುತ್ತದೆ. ಗೆದ್ದ ಸಾಮಗ್ರಿಯಿಂದ ಸೈನಿಕರು ಬಲಗೊಳ್ಳುತ್ತಾರೆ. ಹೀಗೆ ತಾಳದ ಆಟವೂ ಪಾತ್ರ ಬೆಳೆಸುವ ಆಟವೂ ಅಲ್ಲಿ ಒಂದಾಗಿವೆ.

ಮಗಳ ಕಥೆಯಲ್ಲಿ ಸೈನ್ಯವಿಲ್ಲ. ಕರಡಿ ಮಜಲಿನ ಹುಡುಗನೊಬ್ಬ ಊರಿಂದೂರಿಗೆ ಜಾತ್ರೆಗೆ ನಡೆಯುತ್ತಾನೆ. ಸರಿಯಾಗಿ ಬಾರಿಸಿದಂತೆಲ್ಲ ಮೇಳಕ್ಕೆ ಜನ ಕೂಡುತ್ತಾರೆ. ಆದರೆ ಕರಡಿ ಬಾರಿಸುವ ಹುಡುಗನನ್ನು ಗುಂಡಿ ಒತ್ತಿ ನಡೆಸುವುದು ಆಕೆಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ವಾದ್ಯವನ್ನೇ ಮನೆಯಲ್ಲಿ ತಯಾರಿಸಿದೆವು. ಪ್ಲೈವುಡ್ಡಿನ ಮೇಲೆ ಹಳೆಯ ಸೈಕಲ್ ಟ್ಯೂಬಿನ ನಾಲ್ಕು ತುಂಡು. ಪ್ರತಿಯೊಂದರ ಕೆಳಗೆ ಪೀಜೋ ಎಂಬ ತೆಳುವಾದ ಹಿತ್ತಾಳೆಯ ಬಿಲ್ಲೆ. ಪೆಟ್ಟು ಬಿದ್ದಾಗ ಆ ಬಿಲ್ಲೆ ಬಾಗಿ ಅತ್ಯಲ್ಪ ವಿದ್ಯುತ್ತನ್ನು ಹೊಮ್ಮಿಸುತ್ತದೆ. 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಆರ್ಡುಯಿನೊ ಎಂಬ ಫಲಕವು ಅದನ್ನು ಗ್ರಹಿಸುತ್ತದೆ. ಅದರ ಲಿಯೊನಾರ್ಡೊ ಎಂಬ ಮಾದರಿಯು ಗಣಕಕ್ಕೆ ಕೀಲಿಮಣೆಯಂತೆಯೇ ತೋರುವುದರಿಂದ ಕೆಲಸ ಹಗುರಾಯಿತು. ಆದರೂ ಒಂದು ಪೆಟ್ಟು ಎರಡಾಗಿ ಎಣಿಕೆಯಾಗುತ್ತಿತ್ತು. ಪೆಟ್ಟಿನ ನಂತರ 50 ಮಿಲಿಸೆಕೆಂಡು ಕಿವುಡಾಗಿರುವಂತೆ ಫಲಕಕ್ಕೆ ಆಜ್ಞಾಪಿಸಿದ ಮೇಲೆ ಅದು ನಿಂತಿತು. ಒಂದನ್ನು ಬಾರಿಸಿದರೆ ನೆರೆಯದೂ ಮಿಡಿಯುತ್ತಿತ್ತು. ಹಲಗೆಯನ್ನು ನಾಲ್ಕಾಗಿ ಕೊಯ್ದು ಕೆಳಗೆ ಸ್ಪಂಜು ಇಟ್ಟೆವು.

ಎಂಟನೆಯ ತರಗತಿಯ ಮಗನು ಬಾರಿಸಲು ಕುಳಿತಾಗ ನಿಜವಾದ ತೊಡಕು ಎದುರಾಯಿತು. ಎರಡು ತಿಂಗಳು ತಬಲಾ ಪಾಠಕ್ಕೆ ಹೋಗಿ, ‘ಇವನಿಗೆ ಲಯಜ್ಞಾನವಿಲ್ಲ’ ಎನ್ನಿಸಿಕೊಂಡು ಬಿಟ್ಟುಬಂದವನು ಅವನು. ಅಂದಿನಿಂದ ಭಜನೆಯಲ್ಲಿ ಚಪ್ಪಾಳೆ ತಟ್ಟಲೂ ಹಿಂಜರಿಯುತ್ತಿದ್ದ. ಆಟವೂ ಅದನ್ನೇ ನುಡಿಯಿತು: ಪ್ರತಿ ಪೆಟ್ಟೂ ತಪ್ಪು! “ನನ್ನ ಕೈಗೆ ಬರಂಗಿಲ್ಲ ಬಿಡಕ್ಕಾ” ಎಂದು ಎದ್ದುಹೋದ.

ಮಗಳು ಅವನ ಅರವತ್ತು ಪೆಟ್ಟುಗಳ ದಾಖಲೆಯನ್ನು ತೆರೆದು ನೋಡಿದಳು. ನಿಮಿಷಕ್ಕೆ 100 ಪೆಟ್ಟಿನ ನಡೆ; ಎರಡು ಪೆಟ್ಟುಗಳ ನಡುವೆ 600 ಮಿಲಿಸೆಕೆಂಡು; ಹಿಂದೆಮುಂದೆ ನೂರರಷ್ಟು ತಪ್ಪಿಗೆ ಕ್ಷಮೆ. ಮಗನ ಪೆಟ್ಟುಗಳೆಲ್ಲ 160ರಿಂದ 210 ಮಿಲಿಸೆಕೆಂಡು ತಡವಾಗಿದ್ದವು. ತಡವೇನೋ ಹೌದು, ಆದರೆ ಎಲ್ಲವೂ ಸರಿಸುಮಾರು ಅಷ್ಟೇ ತಡ! ಲಯವಿಲ್ಲದವನ ಕೈ ಹೀಗೆ ಸಮನಾಗಿ ತಡವಾದೀತೇ? ಆಕೆ ತಂತಿಯ ಇಯರ್‌ಫೋನಿನಲ್ಲಿ ಕೇಳುತ್ತಿದ್ದಳು. ಅವನು ನಡುಮನೆಯ ಬ್ಲೂಟೂತ್ ಸ್ಪೀಕರಿನಲ್ಲಿ. ಅಂತಹ ಸ್ಪೀಕರಿಗೆ ಧ್ವನಿಯನ್ನು ಒತ್ತಿ ಕಳಿಸಿ, ಅಲ್ಲಿ ಮತ್ತೆ ಬಿಡಿಸಬೇಕಾದುದರಿಂದ ಅದು ತಡವಾಗಿಯೇ ಕೇಳಿಸುತ್ತದೆ. ತಂತಿ ಸಿಕ್ಕಿಸಿದೊಡನೆ ಅವನ ಪೆಟ್ಟುಗಳು ಗುರಿಯ ಸುತ್ತಲೇ ಬಿದ್ದವು. ಅಂದು ರಾತ್ರಿ ಅವನನ್ನು ಊಟಕ್ಕೆ ಎಬ್ಬಿಸುವುದೇ ನಮಗೆ ಕಷ್ಟವಾಯಿತು. ಈಗ ಆಟದ ಆರಂಭದಲ್ಲಿಯೇ ಆಡುವವರಿಂದ ಕೆಲವು ಪೆಟ್ಟು ಹಾಕಿಸಿ, ಸರಾಸರಿ ತಡವನ್ನು ಅಳೆದು ಕಳೆಯುವ ಏರ್ಪಾಡಿದೆ.

ಇನ್ನೊಂದು ಚರ್ಚೆ ದಿನಗಟ್ಟಲೆ ನಡೆಯಿತು. 1974ರಲ್ಲಿ ಅಮೆರಿಕೆಯಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಕಾಲದಿಂದಲೂ ಇಂತಹ ಆಟಗಳಲ್ಲಿ ಪಾತ್ರವು ಮೆಟ್ಟಿಲು ಮೆಟ್ಟಿಲಾಗಿ ಬಲಗೊಳ್ಳುವುದು ವಾಡಿಕೆ. ಹಾಗಾದರೆ ಮೆಟ್ಟಿಲೇರಿದವನಿಗೆ ಕ್ಷಮೆಯ ಅವಧಿಯನ್ನು ನೂರರಿಂದ ನೂರೈವತ್ತಕ್ಕೆ ಹಿಗ್ಗಿಸೋಣವೆಂದು ಮಗಳು ಸೂಚಿಸಿದಳು. “ಗೊಂಬಿ ಶಾಣ್ಯಾ ಆದ್ರ ನಾ ಯಾಕ ಬಾರಿಸ್ಬೇಕಕ್ಕಾ?” ಎಂದ ತಮ್ಮ. ನಮಗೂ ಅವನ ಮಾತೇ ಸರಿಯೆನಿಸಿತು. ಆದ್ದರಿಂದ ಮೆಟ್ಟಿಲೇರಿದಂತೆ ಹೊಸ ವಾದ್ಯ, ಹೊಸ ಕರೆಗಳು ದೊರೆಯುತ್ತವೆಯೇ ಹೊರತು ತಾಳ ಸಡಿಲಾಗುವುದಿಲ್ಲ. ಮೊದಲ ಊರಿನಲ್ಲಿ ಮಾತ್ರ ರಿಯಾಯಿತಿಯುಂಟು. ಅದು ಕೈ ನಡುಗುವ ಅಜ್ಜಿಯವರಿಗಾಗಿ.

ಇದುವರೆಗೆ ಮೂರು ಊರುಗಳು ಸಿದ್ಧವಾಗಿವೆ. ನಾಲ್ಕನೆಯದಕ್ಕೆ ಏಳು ಮಾತ್ರೆಯ ಕರೆಯೇ ಬೇಕೆಂದು ಮಗನ ಹಟ. ಅದನ್ನು ಹೊಂದಿಸಲು ಅಟ್ಟದಿಂದ ತಬಲಾ ಇಳಿಸಿ ಧೂಳು ಒರೆಸಿದ್ದಾನೆ. ಡಗ್ಗಾದ ಚರ್ಮ ಸಡಿಲಗೊಂಡಿದೆ. ಬರುವ ಸೋಮವಾರ ಧಾರವಾಡಕ್ಕೆ ಒಯ್ದು ಬಿಗಿಸಿಕೊಂಡು ಬರಬೇಕಾಗಿದೆ.