ಅಡುಗೆ ಸೋಡಾ ಮತ್ತು ಅಪ್ಪನ ಯೆಜ್ಡಿ

ಮೈಸೂರು ರೈಲ್ವೆ ಸ್ಟೇಷನ್ನಿಂದ ಯಾದವಗಿರಿ ಹತ್ತಿರ. ನಮ್ಮ ಮನೆ ಇರೋದು ಅಲ್ಲೇ. 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿದ್ದೂ ಇದೇ ಯಾದವಗಿರಿಯಲ್ಲಿ. ಜೆಕೊಸ್ಲೊವಾಕಿಯಾದ ಜಾವಾ ಬೈಕು ಇಲ್ಲಿ ತಯಾರಾಗ್ತಿತ್ತು. 1973ರಿಂದ ಯೆಜ್ಡಿ ಅನ್ನೋ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿದಾಗ ನನಗೆ ಒಂದು ವರ್ಷ. ಹಾಗಾಗಿ ಕಾರ್ಖಾನೆ ನನಗೆ ನೆನಪಿಲ್ಲ. ನೆನಪಿರೋದು ಅಪ್ಪನ ಯೆಜ್ಡಿ ಬೀದಿ ತಿರುವಿನಲ್ಲಿ ಬರುವಾಗಿನ ಸದ್ದು ಮಾತ್ರ.

ಯೆಜ್ಡಿಯಲ್ಲಿ ಗೇರ್ ಹಾಕೋದಕ್ಕೂ ಕಿಕ್ ಹೊಡೆಯೋದಕ್ಕೂ ಒಂದೇ ಲಿವರ್. ಮಂಡಿ ಆಪರೇಷನ್ ಆದಮೇಲೆ ಅಪ್ಪನಿಗೆ ಆ ಕಿಕ್ ಹೊಡೆಯೋಕೆ ಆಗಲಿಲ್ಲ. ಗಾಡಿ ಶೆಡ್ ಸೇರಿತು. ಹೋದ ವರ್ಷ ಅಪ್ಪ, “ಗುಜರಿಗೆ ಹಾಕಿಬಿಡೋಣ ಪುಟ್ಟಾ” ಅಂದರು. ನಾನು ಎರಡು ತಿಂಗಳು ಟೈಮ್ ಕೇಳಿದೆ. ಬೆಂಗಳೂರಲ್ಲಿ ವಾರವಿಡೀ ಕೋಡ್ ಬರೆಯೋದು, ಶನಿವಾರ ರೈಲು ಹತ್ತಿ ಬಂದು ನಟ್ಟು ಬಿಚ್ಚೋದು.

ಮೊದಲ ತಪ್ಪು ನನ್ನದೇ. ಎಂಜಿನ್ನಿನ ಒಂದು ಬದಿಯ ಅಲ್ಯೂಮಿನಿಯಂ ಕವರನ್ನು ಗ್ಯಾರೇಜೊಂದಕ್ಕೆ ಕೊಟ್ಟು, “ಕ್ಲೀನ್ ಮಾಡಿಕೊಡಿ” ಅಂದೆ. ಹೇಗೆ ಅಂತ ಕೇಳಲಿಲ್ಲ. ಮರಳು ಹೊಡೆದು ಕೊಟ್ಟರು. ಒಳಗೂ ಹೊರಗೂ ಬಿಳಿಯಾಗಿತ್ತು ನಿಜ, ಆದರೆ ಮುಟ್ಟಿದರೆ ಉಪ್ಪುಕಾಗದದ ಹಾಗೆ ತರಿತರಿ. ಅಪ್ಪ ಅದನ್ನು ತಿರುಗಿಸಿ ಒಳಭಾಗ ನೋಡಿದರು. ಏನೂ ಹೇಳದೆ ಕೆಳಗಿಟ್ಟರು.

ಮುಂದಿನ ಶನಿವಾರ ಉಳಿದ ಭಾಗಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಆಟೋದಲ್ಲಿ ಹೆಬ್ಬಾಳ್ ಕೈಗಾರಿಕಾ ಪ್ರದೇಶಕ್ಕೆ ಹೋದೆವು. ಇನ್ಫೋಸಿಸ್ ಕ್ಯಾಂಪಸ್ಸಿನಿಂದಾಗಿ ಹೆಬ್ಬಾಳ್ ಅಂದರೆ ನಮ್ಮ ವಯಸ್ಸಿನವರಿಗೆ ಐಟಿ. ಒಳರಸ್ತೆಗಳಲ್ಲಿ ಮಾತ್ರ ಇನ್ನೂ ಲೇತ್ ಮೆಷಿನ್ ಸದ್ದು, ಕಟಿಂಗ್ ಆಯಿಲ್ ವಾಸನೆ, ಗೇಟಿನ ಪಕ್ಕ ಟೀ ಗಾಡಿ. ಅಲ್ಲೊಂದು ಶೀಟಿನ ಶೆಡ್ಡಿನಲ್ಲಿ ಸೋಡಾ ಬ್ಲಾಸ್ಟಿಂಗ್ ಮಾಡ್ತಾರೆ.

“ಅಣ್ಣ, ಇದು ಯಾವ ಸೋಡಾ?”

“ನಿಮ್ಮನೆ ಬೋಂಡಾಕ್ಕೆ ಹಾಕೋದೇ ಮೇಡಂ. ಹರಳು ಸ್ವಲ್ಪ ದಪ್ಪ, ಅಷ್ಟೇ.”

ಕಂಪ್ರೆಸರ್ ಗಾಳಿಯ ಜೊತೆ ಸೋಡಾ ಹರಳು ಪೈಪಿನಿಂದ ನುಗ್ಗುತ್ತೆ. ಮರಳು ಲೋಹವನ್ನೇ ಕೆರೆಯುತ್ತೆ. ಸೋಡಾ ಮೆತ್ತಗಿರೋದರಿಂದ ತಗುಲಿದ ತಕ್ಷಣ ತಾನೇ ಒಡೆದು ಪುಡಿಯಾಗುತ್ತೆ. ಹಾಗೆ ಒಡೆಯುವಾಗ ಗ್ರೀಸು, ಹಳೇ ಪೇಂಟು, ಮಸಿಯನ್ನು ಕಿತ್ತುಕೊಂಡು ಹೋಗುತ್ತೆ. ಕೆಳಗಿನ ಅಲ್ಯೂಮಿನಿಯಂಗೆ ಏಟಾಗಲ್ಲ, ಭಾಗ ಬಿಸಿಯಾಗಿ ಸೊಟ್ಟಗಾಗಲ್ಲ. ಎಂಜಿನ್ನಿನ ಸಣ್ಣ ತೂತುಗಳಲ್ಲಿ ಮರಳು ಸಿಕ್ಕಿಕೊಂಡರೆ ಮುಂದೆ ಬೇರಿಂಗ್ ಹಾಳು. ಸೋಡಾ ನೀರಲ್ಲಿ ಕರಗಿ ಹೋಗುತ್ತೆ. ಅಮೆರಿಕದ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು 1980ರ ದಶಕದಲ್ಲಿ ದುರಸ್ತಿ ಮಾಡಿದಾಗಲೂ ಒಳಗಿನ ತಾಮ್ರಕ್ಕೆ ಅಂಟಿದ್ದ ಟಾರನ್ನು ಸೋಡಾದಿಂದಲೇ ತೆಗೆದರಂತೆ.

ಮಾಸ್ಕ್ ಹಾಕಿಕೊಂಡು ದೂರ ನಿಂತೆವು. ಶೆಡ್ ತುಂಬ ಬಿಳಿ ಮೋಡ. ಹತ್ತು ನಿಮಿಷಕ್ಕೆಲ್ಲ ಕಪ್ಪು ಮುದ್ದೆಯಂತಿದ್ದ ಕ್ರ್ಯಾಂಕ್‌ಕೇಸು ಮಾಸಲು ಬೆಳ್ಳಿಯ ಬಣ್ಣಕ್ಕೆ ಬಂತು. ಎಂಜಿನ್ ನಂಬರ್ ಒಂದೊಂದು ಅಂಕಿಯೂ ಸ್ಪಷ್ಟ. ಅದು ಸವೆದಿದ್ದರೆ ಆರ್‌ಟಿಒ ಮುಂದೆ ಏನು ಹೇಳೋದು!

ಸೋಡಾ ಎಲ್ಲಕ್ಕೂ ಮದ್ದಲ್ಲ. ಚೈನ್ ಕವರಿನ ತುಕ್ಕು ಹಾಗೇ ಉಳಿಯಿತು. “ತುಕ್ಕಿಗೆ ಇದು ಬಗ್ಗಲ್ಲ ಮೇಡಂ, ಅದಕ್ಕೆ ಬೇರೆ ದಾರಿ” ಅಂದರು ಅಣ್ಣ. ಒಡೆದ ಸೋಡಾವನ್ನು ಮತ್ತೆ ಬಳಸೋಕಾಗಲ್ಲ, ಹಾಗಾಗಿ ಖರ್ಚು ಜಾಸ್ತಿ. ಪೇಂಟ್ ಮಾಡೋ ಮುಂಚೆ ಚೆನ್ನಾಗಿ ತೊಳೆಯಲೇಬೇಕು. ಪುಡಿ ಉಳಿದರೆ ಪೇಂಟ್ ಹಿಡಿಯಲ್ಲ. ಗಿಡದ ಬುಡಕ್ಕೆ ಬಿದ್ದರೆ ಗಿಡ ಒಣಗುತ್ತೆ.

ಕೊನೆಗೆ ಇನ್ನೊಂದು ಬದಿಯ ಕವರ್. ನೀರು ಹಾಕಿ, ಗಾಳಿ ಹೊಡೆದು ಕೈಗೆ ಕೊಟ್ಟರು. ಒಳಭಾಗದಲ್ಲಿ ಮೊಳೆಯಿಂದ ಗೀಚಿದ ಅಕ್ಷರ: “12-3-95. ಕ್ಲಚ್ ಪ್ಲೇಟ್.” ಅದರ ಕೆಳಗೆ ಇನ್ನೂ ಎರಡು ತಾರೀಖು.

“ಅಪ್ಪಾ, ಇದು ನಿಮ್ಮ ಕೈಬರಹ!”

“ಹೂಂ. ಎಂಜಿನ್ ಬಿಚ್ಚಿದಾಗೆಲ್ಲ ಬರೀತಿದ್ದೆ. ನೀನು ಹುಟ್ಟಿದ ವಾರ ಅದು. ಆಸ್ಪತ್ರೆಗೂ ಮನೆಗೂ ಓಡಾಡಿ ಕ್ಲಚ್ ಸವೆದಿತ್ತು.”

ನನಗೆ ಆ ಮರಳಿನ ಕವರ್ ನೆನಪಾಯಿತು. ಅಪ್ಪ ಅದರ ಒಳಗೆ ಹುಡುಕಿದ್ದು ಏನು ಅಂತ ಆಗ ಗೊತ್ತಾಯಿತು.

“ಅದರಲ್ಲೂ ಬರೆದಿದ್ರಾ?”

“ಬರೆದಿದ್ದೆ. ಮದುವೆಗಿಂತ ಮುಂಚಿನದೆಲ್ಲ ಅದರಲ್ಲಿತ್ತು.”

“ಏನೇನು?”

“ಈಗ ನೆನಪಿಲ್ಲ ಬಿಡು.”

ಬೈಯ್ದಿದ್ದರೆ ಚೆನ್ನಾಗಿತ್ತು. ಅಪ್ಪ ಬೈಯ್ಯಲಿಲ್ಲ. ಟೀ ಕುಡಿಸಿ, ಆಟೋ ಕರೆದರು. ದಾರಿಯುದ್ದಕ್ಕೂ ಕವರ್ ಅವರ ತೊಡೆ ಮೇಲೇ ಇತ್ತು.

ಗಾಡಿ ಇನ್ನೂ ಪೂರ್ತಿ ಜೋಡಿಸಿಲ್ಲ. ಕಾರ್ಬುರೇಟರ್ ಬಾಕಿ, ತುಕ್ಕಿನ ಕೆಲಸ ಬಾಕಿ. ಗುಜರಿ ಮಾತು ಮಾತ್ರ ಅಪ್ಪ ಮತ್ತೆ ಎತ್ತಿಲ್ಲ. ಹೋದ ವಾರ ಕವರ್ ಕೂರಿಸೋ ಮುಂಚೆ ನನ್ನ ಕೈಗೆ ಒಂದು ಮೊಳೆ ಕೊಟ್ಟು, “ಇವತ್ತಿನ ತಾರೀಖು ನೀನೇ ಬರಿ. ಈ ಸಲ ಬಿಚ್ಚಿದ್ದು ನೀನು ತಾನೆ?” ಅಂದರು.

ನಿಮ್ಮ ಮನೆ ಶೆಡ್ಡಿನಲ್ಲೂ ಅಪ್ಪನದೋ ತಾತನದೋ ಗಾಡಿ ಇದ್ದರೆ, ಕ್ಲೀನಿಂಗಿಗೆ ಕೊಡೋ ಮುಂಚೆ ಏನು ಹೊಡೀತಾರೆ ಅಂತ ಕೇಳಿ. ಅದಕ್ಕೂ ಮುಂಚೆ, ಒಳಗೆ ಏನಾದರೂ ಬರೆದಿದ್ದೀರಾ ಅಂತ ಅವರನ್ನೇ ಕೇಳಿ.