ತಮ್ಮನ ಪಾಟೀಸವಾಲು

ಪಿಲ್ಲಗುಂಪೆಗೆ ಕೈಗಾರಿಕಾ ಪ್ರದೇಶ ಬಂದ ಮೇಲೆ ನಮ್ಮ ರಾಗಿ ಹೊಲಗಳಿಗೆ ಎಂದೂ ಕಾಣದ ಬೆಲೆ ಬಂತು, ಅದರ ಬೆನ್ನಿಗೇ ವ್ಯಾಜ್ಯವೂ ಬಂತು. ಅಪ್ಪ ತೀರಿಕೊಂಡ ಮೇಲೆ ಪಾಲು ಕೇಳಿ ಹೊಸಕೋಟೆ ಕೋರ್ಟಿನಲ್ಲಿ ದಾವೆ ಹೂಡಿದೆ. 2003ರಲ್ಲೇ ಬಾಯಿಮಾತಿನ ಪಾಲಾಗಿದೆ, ಅಕ್ಕನಿಗೆ ಏನೂ ಉಳಿದಿಲ್ಲ ಎಂದು ತಮ್ಮ ತಕರಾರು ಹಾಕಿದ.

ಫೀಸಿನ ವಿಷಯಕ್ಕೆ ನನ್ನ ವಕೀಲರು ನಡುವೆಯೇ ಕೇಸು ಬಿಟ್ಟರು. ಹೊಲಿಗೆ ಕೆಲಸದ ದುಡಿಮೆಯಲ್ಲಿ ಇನ್ನೊಬ್ಬರನ್ನು ಹಿಡಿಯುವುದು ಆಗದ ಮಾತು. ಕಕ್ಷಿದಾರರು ಖುದ್ದು ಹಾಜರಾಗಿ ಕೇಸು ನಡೆಸಬಹುದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ಕಲಾಪ ಕನ್ನಡದಲ್ಲೇ ನಡೆಯುತ್ತಿತ್ತು. ನಮ್ಮ ಮನೆಯ ಸಂಗತಿ ನನಗಿಂತ ಯಾರಿಗೆ ಗೊತ್ತು ಎಂಬ ಧೈರ್ಯದ ಮೇಲೆ ನಾನೇ ನಿಂತೆ. ಪಹಣಿ, ವಂಶವೃಕ್ಷ ಎಲ್ಲದರ ದೃಢೀಕೃತ ನಕಲು ತೆಗೆಸಿದೆ. ನನ್ನ ಸಾಕ್ಷ್ಯ ನಾನೇ ಹೇಳಿದೆ. ಅಷ್ಟರವರೆಗೆ ಕಷ್ಟವಾಗಲಿಲ್ಲ.

ಆಮೇಲೆ ತಮ್ಮ ಕಟಕಟೆ ಹತ್ತಿದ. ಅವನಿಗೆ ನಾನೇ ಪಾಟೀಸವಾಲು ಮಾಡಬೇಕು. ಎತ್ತಿ ಆಡಿಸಿದ ಕೂಸು ಅವನು. ಕಂಬಿ ಹಿಡಿದು ನನ್ನ ಮುಖ ನೋಡದೆ ನಿಂತಿದ್ದ. "ಪಾಲಾಗಿದೆ ಅಂತೀಯಲ್ಲೋ, ಅಪ್ಪ ಕೊನೇವರೆಗೂ ಉತ್ತಿದ್ದು ಯಾರ ಹೊಲ?" ಅಂದೆ. "ಅಮ್ಮಾ, ಒಂದೊಂದೇ ಪ್ರಶ್ನೆ ಕೇಳಿ, ಜಗಳ ಬೇಡ" ಎಂದರು ನ್ಯಾಯಾಧೀಶರು. ಗಂಟಲು ಕಟ್ಟಿತು. ಹೇಗೋ ಮುಂದಿನ ವಾಯಿದೆ ಕೇಳಿಕೊಂಡು ಹೊರಬಂದೆ.

ಆವತ್ತೇ ತೀರ್ಮಾನಿಸಿದೆ: ಕಾನೂನು ಓದಿ ತಿಳಿದುಕೊಳ್ಳಬಹುದು, ಒಡಹುಟ್ಟಿದವನನ್ನು ಸುಳ್ಳುಗಾರನೆಂದು ಸಾಬೀತು ಮಾಡುವ ಕೆಲಸ ನನ್ನಿಂದಾಗದು. ಅದೇ ಆವರಣದಲ್ಲಿದ್ದ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟೆ. 1987ರ ಕಾಯಿದೆಯಂತೆ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಇದನ್ನು ಮೊದಲೇ ಯಾರೂ ನನಗೆ ಹೇಳಿರಲಿಲ್ಲ. ಊರಿನ ಎಷ್ಟೋ ಹೆಣ್ಣುಮಕ್ಕಳಿಗೆ ಇವತ್ತಿಗೂ ತಿಳಿಯದು ಎಂಬುದೇ ನನ್ನ ಸಂಕಟ.

ಬಂದ ವಕೀಲೆ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಬರೀ ಬಾಯಿಮಾತಿನ ಪಾಲನ್ನು ಕೋರ್ಟುಗಳು ಸುಲಭಕ್ಕೆ ಒಪ್ಪಬಾರದು, ಸರ್ಕಾರಿ ದಾಖಲೆಯ ಬೆಂಬಲ ಬೇಕು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆಯೆಂದು ವಿವರಿಸಿದರು. ನಾನು ತೆಗೆಸಿದ್ದ ಪಹಣಿಗಳನ್ನೇ ತಮ್ಮನ ಮುಂದಿಟ್ಟು, "2003ರ ನಂತರವೂ ಖಾತೆ ತಂದೆಯವರ ಹೆಸರಿನಲ್ಲೇ ಇತ್ತು ಅಂದರೆ ಸರಿಯೇ?" ಎಂದು ಕೇಳಿದರು. ಅವನು "ಸರಿ" ಅಂದ.

ಕೇಸು ಈಗ ವಾದಕ್ಕಿದೆ. ಪ್ರತಿ ವಾಯಿದೆಗೂ ಹೋಗುತ್ತೇನೆ, ವಕೀಲೆಯ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.